ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಶಾಪಿಂಗ್: ಯಾವ ಬೀದಿಗೆ ಯಾವ ದಿನ ಹೋಗಬೇಕು

ಟುಲಿಪ್ ಗಡ್ಡೆಯಿಂದಲೇ ಶುರು ಮಾಡುತ್ತೇನೆ. ಇದನ್ನೆಲ್ಲ ಬರೆದಿಡಬೇಕು ಅನ್ನಿಸಿದ್ದೇ ಅದರಿಂದ.

ಕಳೆದ ಸೆಪ್ಟೆಂಬರ್‌ನಲ್ಲಿ ನಾನು, ನನ್ನ ನಾದಿನಿ ನೆದರ್‌ಲ್ಯಾಂಡ್ಸ್‌ಗೆ ಹೋಗಿದ್ದೆವು. ಅವಳ ಮಗ ಐಂಡ್‌ಹೋವನ್‌ನಲ್ಲಿ ಓದುತ್ತಿದ್ದಾನೆ. ಅವನ ಹತ್ತಿರ ಒಂದು ವಾರ ಇದ್ದು, ಆಮೇಲೆ ನಾವಿಬ್ಬರೇ ಐದು ರಾತ್ರಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಉಳಿದೆವು. ಮ್ಯೂಸಿಯಂ, ದೋಣಿ ಸವಾರಿ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ. ನಮ್ಮಿಬ್ಬರಿಗೂ ಇಷ್ಟ ಅಂಗಡಿ ಬೀದಿ ಸುತ್ತುವುದು. ನಾನು ಅದನ್ನಷ್ಟೇ ಹೇಳುತ್ತೇನೆ.

ಸಿಂಗೆಲ್ ಕಾಲುವೆಯ ದಡದಲ್ಲಿ ಬ್ಲೂಮನ್‌ಮಾರ್ಕ್ಟ್ ಅಂತ ಹೂವಿನ ಮಾರುಕಟ್ಟೆ ಇದೆ. 1862ರಿಂದ ನಡೆದುಕೊಂಡು ಬಂದಿರುವುದು. ಅಂಗಡಿಗಳು ನೀರಿನ ಮೇಲಿನ ದೋಣಿಗಳಲ್ಲಿವೆ, ಆದರೆ ಒಳಗೆ ನಿಂತರೆ ಹಾಗೆ ಅನ್ನಿಸುವುದೇ ಇಲ್ಲ. ತಾಜಾ ಹೂವಿಗಿಂತ ಫ್ರಿಜ್ ಮ್ಯಾಗ್ನೆಟ್, ಮರದ ಟುಲಿಪ್, ಗಡ್ಡೆಯ ಪೊಟ್ಟಣಗಳೇ ಜಾಸ್ತಿ. ಒಂದು ಅಂಗಡಿಯಲ್ಲಿ ಕಡು ನೇರಳೆ ಹೂವಿನ ಚಿತ್ರ ಇದ್ದ ಪೊಟ್ಟಣ ನೋಡಿ ಮನಸೋತೆ. ಹತ್ತು ಹತ್ತು ಗಡ್ಡೆಯ ಮೂರು ಪೊಟ್ಟಣ, 25 ಯೂರೋ. "ಇಂಡಿಯಾಗೆ ತಗೊಂಡು ಹೋಗಬಹುದಾ?" ಅಂತ ಎರಡು ಸಲ ಕೇಳಿದೆ. "ನೋ ಪ್ರಾಬ್ಲಂ" ಅಂದ ಅಂಗಡಿಯವನು.

ಸಂಜೆ ನಾದಿನಿಯ ಹುಡುಗನಿಗೆ ಫೋನ್ ಮಾಡಿದಾಗ ಅವನು ಗಾಬರಿಯಾದ. "ಅತ್ತೆ, ಅದನ್ನ ಸೂಟ್‌ಕೇಸಿಗೆ ಹಾಕಬೇಡಿ" ಅಂದ. ಗಿಡ, ಗಡ್ಡೆಗಳನ್ನು ಭಾರತದ ಒಳಗೆ ತರಬೇಕಾದರೆ ಆಮದು ಪರವಾನಗಿ ಬೇಕು, ಆ ದೇಶದವರು ಕೊಟ್ಟ ಸಸ್ಯ ಆರೋಗ್ಯ ಪ್ರಮಾಣಪತ್ರವೂ ಬೇಕು. 2003ರ ಪ್ಲಾಂಟ್ ಕ್ವಾರಂಟೈನ್ ಆದೇಶದಲ್ಲೇ ಇದೆ ಇದು. ಭಾನುವಾರ ಅವನು ನಮ್ಮನ್ನು ನೋಡಲು ಬಂದಾಗ ಪೊಟ್ಟಣಗಳನ್ನು ಅವನ ಕೈಗೇ ಕೊಟ್ಟೆವು. ಅವನ ಮನೆ ಮಾಲೀಕರು ಹಿತ್ತಲಲ್ಲಿ ನೆಟ್ಟರು. ಈ ಏಪ್ರಿಲ್‌ನಲ್ಲಿ ಫೋಟೊ ಕಳಿಸಿದ. ಮೂವತ್ತು ಗಡ್ಡೆಯಲ್ಲಿ ಹೂ ಬಿಟ್ಟಿದ್ದು ಎರಡು. ಎರಡೂ ಹಳದಿ.

ಆಮೇಲೆ ಗೊತ್ತಾಯಿತು, 2019ರಲ್ಲೇ ಈ ಮಾರುಕಟ್ಟೆಯ ಗಡ್ಡೆಗಳನ್ನು ನೆಟ್ಟು ಪರೀಕ್ಷೆ ಮಾಡಿದ್ದರಂತೆ. ನೂರಕ್ಕೆ ಒಂದರಷ್ಟು ಮಾತ್ರ ಹೂ ಬಿಟ್ಟಿದ್ದವು. ಇನ್ನೊಂದು ವಿಷಯ. ಟುಲಿಪ್ ಗಡ್ಡೆಗೆ ಹೂ ಬಿಡುವ ಮೊದಲು ಕೆಲವು ತಿಂಗಳು ಒಳ್ಳೆ ಚಳಿ ಬೇಕು. ಮೈಸೂರಿನ ಕುಂಡದಲ್ಲಿ ಸುಮ್ನೆ ನೆಟ್ಟರೆ ಒಳ್ಳೆ ಗಡ್ಡೆಯೂ ಹೂ ಬಿಡುವುದಿಲ್ಲ. ಹಾಗಾಗಿ ಆ ಮಾರುಕಟ್ಟೆಯಲ್ಲಿ ನಡೆದಾಡಿ, ಫೋಟೊ ತೆಗೆದುಕೊಳ್ಳಿ, ಗಡ್ಡೆ ಮಾತ್ರ ಕೊಳ್ಳಬೇಡಿ.

ಅಲ್ಲಿಂದ ಎರಡೇ ಹೆಜ್ಜೆಗೆ ಕಾಲ್ವರ್‌ಸ್ಟ್ರಾಟ್. ಊರಿನ ಅತಿ ಹೆಸರುವಾಸಿ ಶಾಪಿಂಗ್ ಬೀದಿ. ಒಂದು ಕಾಲಕ್ಕೆ ಇಲ್ಲಿ ಕರುಗಳ ಸಂತೆ ನಡೆಯುತ್ತಿತ್ತು, ಹೆಸರು ಬಂದಿದ್ದೇ ಹಾಗೆ. ನನಗೆ ಜನಜಂಗುಳಿ ಕಷ್ಟ ಅಲ್ಲ. ಬೆಳೆದಿದ್ದೇ ಬೆಂಗಳೂರಿನ ಚಿಕ್ಕಪೇಟೆ ಹತ್ತಿರ, ಹಬ್ಬದ ಹಿಂದಿನ ದಿನದ ತಳ್ಳಾಟದಲ್ಲೂ ಆರಾಮಾಗಿ ಸೀರೆ ಆರಿಸುತ್ತೇನೆ. ಆದರೆ ಅಷ್ಟು ತಳ್ಳಾಟದ ಕೊನೆಗೆ ಏನಾದರೂ ಸಿಗಬೇಕು ಅಲ್ವಾ? ಕಾಲ್ವರ್‌ಸ್ಟ್ರಾಟ್‌ನಲ್ಲಿ ಇರುವುದೆಲ್ಲ ನಮ್ಮ ಮಾಲ್‌ಗಳಲ್ಲೂ ಇರುವ ಬ್ರ್ಯಾಂಡ್‌ಗಳೇ, ಬೆಲೆ ಮಾತ್ರ ಯೂರೋದಲ್ಲಿ. ಅಲ್ಲಿ ನನಗೆ ಇಷ್ಟವಾಗಿದ್ದು ಹೇಮಾ ಒಂದೇ. 1926ರಲ್ಲಿ ಈ ಬೀದಿಯಲ್ಲೇ ಶುರುವಾದ ಅಂಗಡಿ ಅದು. ಅಡುಗೆಮನೆ ಟವೆಲ್, ನೋಟ್‌ಬುಕ್, ಮಕ್ಕಳ ಕಾಲುಚೀಲ, ಎಲ್ಲ ಸರಳ, ಗಟ್ಟಿ, ಬೆಲೆಯೂ ಕಡಿಮೆ. ಊರಲ್ಲಿ ಹತ್ತು ಮನೆಗೆ ಏನಾದರೂ ಕೊಡಬೇಕು ಅನ್ನುವವರು ಅಲ್ಲಿಗೇ ಹೋಗಿ. ಗುರುವಾರ ಸಂಜೆ ಹೋದರೆ ಅಂಗಡಿಗಳು ಒಂಬತ್ತರವರೆಗೆ ತೆರೆದಿರುತ್ತವೆ. ಉಳಿದ ದಿನ ಆರಕ್ಕೋ ಏಳಕ್ಕೋ ಬಾಗಿಲು ಹಾಕುತ್ತಾರೆ.

ಈಗ ಆಲ್ಬರ್ಟ್ ಕಾಯ್ಪ್‌ಗೆ ಬರುತ್ತೇನೆ. ಒಂದೇ ಬೀದಿಗೆ ಸಮಯ ಇದೆ ಅನ್ನುವವರಿಗೆ ನನ್ನ ಸಲಹೆ ಇದೇ.

ಸೆಂಟ್ರಲ್ ಸ್ಟೇಷನ್‌ನಿಂದ 52ನೇ ನಂಬರ್ ಮೆಟ್ರೊ ಹತ್ತಿದರೆ ಮೂರನೇ ಸ್ಟಾಪ್ ಡಿ ಪೈಪ್. ಮೇಲೆ ಬಂದು ಒಂದೆರಡು ನಿಮಿಷ ನಡೆದರೆ ಮಾರುಕಟ್ಟೆ. ದಾರಿಯಲ್ಲಿ ಬರುವ ರೋಕಿನ್ ಸ್ಟೇಷನ್‌ನಲ್ಲಿ ಇಳಿದು, ಎಸ್ಕಲೇಟರ್ ಪಕ್ಕದ ಗಾಜಿನ ಪೆಟ್ಟಿಗೆಗಳನ್ನು ನೋಡಿ. ಮೆಟ್ರೊಗೆ ಅಗೆಯುವಾಗ ಹಳೆಯ ನದಿಪಾತ್ರದಲ್ಲಿ ಸಿಕ್ಕ ಸಾವಿರಾರು ವಸ್ತುಗಳನ್ನು ಜೋಡಿಸಿಟ್ಟಿದ್ದಾರೆ. ಬೀಗದ ಕೈ, ಬಟ್ಟಲ ಚೂರು, ನಾಣ್ಯ, ಏನಿದೆ ಏನಿಲ್ಲ. ಟಿಕೆಟ್ ಇದ್ದರೆ ಸಾಕು, ಬೇರೆ ದುಡ್ಡಿಲ್ಲ.

ಆಲ್ಬರ್ಟ್ ಕಾಯ್ಪ್ ಮಾರುಕಟ್ಟೆ 1905ರಿಂದ ಇದೆ. ಉದ್ದನೆಯ ಒಂದೇ ಬೀದಿ, ಎರಡೂ ಕಡೆ ಇನ್ನೂರಕ್ಕೂ ಜಾಸ್ತಿ ಅಂಗಡಿ. ತರಕಾರಿ, ಮೀನು, ಸೈಕಲ್ ಬೀಗ, ಬಟ್ಟೆ, ಚೀಸ್, ಗುಂಡಿ, ದಾರ. ಊರಿನವರೇ ಚೀಲ ಹಿಡಿದು ಬರುತ್ತಾರೆ. ನೀವೂ ಬಟ್ಟೆ ಚೀಲ ಇಟ್ಟುಕೊಳ್ಳಿ, ಅಲ್ಲಿ ಪ್ಲಾಸ್ಟಿಕ್ ಕವರ್ ಬಿಟ್ಟಿ ಕೊಡುವುದನ್ನು 2016ರಲ್ಲೇ ನಿಲ್ಲಿಸಿದ್ದಾರೆ. ಭಾನುವಾರ ಮಾರುಕಟ್ಟೆ ಇಲ್ಲ. ಶನಿವಾರ ಕಾಲಿಡಲು ಜಾಗ ಇರುವುದಿಲ್ಲ ಅಂತ ಹುಡುಗ ಹೇಳಿದ್ದ. ನಾವು ಶುಕ್ರವಾರ ಬೆಳಗ್ಗೆ ಹತ್ತಕ್ಕೆ ಹೋದೆವು, ಹದವಾಗಿತ್ತು.

ಹನ್ನೊಂದೂವರೆಗೆ ಹೊಟ್ಟೆ ತಾಳ ಹಾಕತೊಡಗಿತು. ನಾವಿಬ್ಬರೂ ಸಸ್ಯಾಹಾರಿಗಳು. ನಾಲ್ಕು ದಿನದಿಂದ ಬ್ರೆಡ್ಡು, ಆಲೂಗಡ್ಡೆ ಫ್ರೈ ತಿಂದು ನಾಲಿಗೆ ಜಡ್ಡುಗಟ್ಟಿತ್ತು. ಪಕ್ಕದ ಗಲ್ಲಿಯಿಂದ ಒಗ್ಗರಣೆ ವಾಸನೆ ಬಂತು. ನಾದಿನಿ ನನ್ನ ಕೈ ಹಿಡಿದು "ಅತ್ತಿಗೆ, ಇದು ಜೀರಿಗೆ" ಅಂದಳು. ಜೀರಿಗೆಯೇ. ಸಣ್ಣ ಹೋಟೆಲು, ನಾಲ್ಕೇ ಟೇಬಲ್, ಬೋರ್ಡಿನ ಮೇಲೆ 'ಸುರಿನಾಮ್ಸ್' ಅಂತ ಇತ್ತು. ಆ ಪದ ಕಂಡಲ್ಲೆಲ್ಲ ಒಳಗೆ ನುಗ್ಗಿ.

ಸುರಿನಾಮ್ ದಕ್ಷಿಣ ಅಮೆರಿಕದ ದೇಶ, ಡಚ್ಚರ ವಸಾಹತಾಗಿತ್ತು. ಗುಲಾಮಗಿರಿ ನಿಂತ ಮೇಲೆ ಕಬ್ಬಿನ ತೋಟದ ಕೆಲಸಕ್ಕೆ 1873ರಿಂದ 1916ರವರೆಗೆ ಸುಮಾರು 34,000 ಭಾರತೀಯರನ್ನು ಕಲ್ಕತ್ತಾದಿಂದ ಹಡಗಿನಲ್ಲಿ ಅಲ್ಲಿಗೆ ಒಯ್ದರು. ಹೆಚ್ಚಿನವರು ಈಗಿನ ಬಿಹಾರ, ಉತ್ತರ ಪ್ರದೇಶದ ಕಡೆಯವರು. 1975ರಲ್ಲಿ ಸುರಿನಾಮ್ ಸ್ವತಂತ್ರವಾದ ಹೊತ್ತಿಗೆ ಅವರ ಮಕ್ಕಳು ಮೊಮ್ಮಕ್ಕಳಲ್ಲಿ ಬಹಳ ಜನ ನೆದರ್‌ಲ್ಯಾಂಡ್ಸ್‌ಗೆ ಬಂದರು. ರೊಟ್ಟಿ ಅವರ ಜೊತೆಗೇ ಎರಡು ಸಮುದ್ರ ದಾಟಿ ಬಂತು.

ತಟ್ಟೆಗೆ ಬಂದಿದ್ದು ದೊಡ್ಡ, ಮೆತ್ತನೆಯ ರೊಟ್ಟಿ, ಮಡಚಿ ಇಟ್ಟಿದ್ದರು. ಹರಿದರೆ ಎರಡು ಪದರದ ನಡುವೆ ಹಳದಿ ಬಟಾಣಿ ಬೇಳೆಯ ಪುಡಿ ಉದುರಿತು. ನಮ್ಮ ಹೋಳಿಗೆ ಮಾಡುವ ಹಾಗೇ, ಬೇಳೆಯನ್ನು ಬೇಯಿಸಿ ಹುಡಿ ಮಾಡಿ ಕಣಕದೊಳಗೆ ತುಂಬಿ ಲಟ್ಟಿಸಿದ್ದು. ಬೆಲ್ಲದ ಬದಲು ಉಪ್ಪು, ಜೀರಿಗೆ. ಪಕ್ಕದಲ್ಲಿ ಮಸಾಲೆ ಹಾಕಿದ ಆಲೂಗಡ್ಡೆ, ಕುಂಬಳಕಾಯಿ ಪಲ್ಯ, ಉದ್ದನೆಯ ಅಲಸಂದೆ ಕಾಯಿ. ಮೊಟ್ಟೆ ಬೇಡ ಅಂದಿದ್ದಕ್ಕೆ ಅಲಸಂದೆ ಇನ್ನೊಂದು ಸೌಟು ಹಾಕಿದರು. ಚಮಚ ಕೊಡಲಿಲ್ಲ. ಸುತ್ತ ಕೂತಿದ್ದ ಡಚ್ಚರೂ ಕೈಯಲ್ಲೇ ತಿನ್ನುತ್ತಿದ್ದರು.

ಆಮೇಲೆ ಬಾರಾ ಬಂತು. ಅದು ಉದ್ದಿನ ವಡೆ, ಬೇರೆ ಏನೂ ಅಲ್ಲ. ನಡುವೆ ತೂತು ಕೂಡ ಇತ್ತು. ಹಿಟ್ಟಿಗೆ ಹೆಚ್ಚಿದ ಕೆಸುವಿನ ಜಾತಿಯ ಸೊಪ್ಪು ಸೇರಿಸುತ್ತಾರೆ. ಹೊರಗೆ ಗರಿಗರಿ ಇರುವುದಿಲ್ಲ, ಸ್ವಲ್ಪ ಮೆತ್ತಗೆ, ಮುರಿದರೆ ಹಸಿರು ಚುಕ್ಕೆ. ಜೊತೆಗೆ ಕೊಡುವ ಹಳದಿ ಚಟ್ನಿಯಲ್ಲಿ ಮದಾಮ್ ಜನೆಟ್ ಅನ್ನುವ ಮೆಣಸಿನಕಾಯಿ ಇದೆ. ಬ್ಯಾಡಗಿ ಅಲ್ಲ ಅದು, ಬೆರಳ ತುದಿಯಷ್ಟೇ ಹಚ್ಚಿಕೊಳ್ಳಿ. ಕೌಂಟರ್ ಹಿಂದಿದ್ದ ಅಜ್ಜಿ ನಾನು ಕಣ್ಣೊರೆಸಿಕೊಂಡಿದ್ದು ನೋಡಿ "ಪಾನಿ?" ಅಂದರು. ಅವರ ಭಾಷೆಗೆ ಸರ್ನಾಮಿ ಅನ್ನುತ್ತಾರೆ, ಭೋಜ್‌ಪುರಿಯ ನೆಂಟ. ನನ್ನ ಹಿಂದಿ, ಅವರ ಸರ್ನಾಮಿ ಸೇರಿ ಹತ್ತು ನಿಮಿಷ ಮಾತಾಡಿದೆವು. ಭಾರತದ ಯಾವ ಊರು ಅಂತ ನಾನು ಕೇಳಿದೆ. ಗೊತ್ತಿಲ್ಲ ಅಂತ ತಲೆ ಆಡಿಸಿದರು. ಆಮೇಲೆ ಕೇಳದೇ ಇನ್ನೊಂದು ಬಾರಾ ತಂದಿಟ್ಟರು. ದುಡ್ಡು ತಗೊಳ್ಳಲಿಲ್ಲ.

ರೊಟ್ಟಿ ಊಟಕ್ಕೆ 9 ಯೂರೋ, ಬಾರಾಗೆ 2. ಆ ಊರಿನ ಲೆಕ್ಕದಲ್ಲಿ ಇದು ತುಂಬಾ ಅಗ್ಗ. ನಾವು ಮತ್ತೆ ಎರಡು ಸಲ ಹೋದೆವು.

ಇದೇ ಬೀದಿಯಲ್ಲಿ ಚೀಸ್ ಕೊಂಡೆವು. ಸಸ್ಯಾಹಾರಿಗಳು ಒಂದು ವಿಷಯ ಗಮನಿಸಿ. ಡಚ್ ಚೀಸ್‌ನಲ್ಲಿ ಹಾಲು ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುವುದು ಹಳೆಯ ಪದ್ಧತಿ, ಈಗಲೂ ಬಹಳ ಕಡೆ ಹಾಗೇ ಇದೆ. ಹಸು ಹಾಲಿನದ್ದೇ ಅಂತ ಧೈರ್ಯವಾಗಿ ತಿನ್ನುವ ಹಾಗಿಲ್ಲ. 'ವೆಖೆಟಾರಿಸ್ ಸ್ಟ್ರೆಮ್ಸೆಲ್' ಇದೆಯಾ ಅಂತ ಕೇಳಿ. ಸಸ್ಯಾಹಾರಿ ರೆನೆಟ್ ಅಂತ ಅರ್ಥ. ನಾವು ಕೇಳಿದಾಗ ಚೀಸ್ ಅಂಗಡಿಯವರು ಬೇಸರಿಸದೆ ಮೂರು ಚಕ್ರ ತೋರಿಸಿ, ರುಚಿ ನೋಡಲು ಕೊಟ್ಟು, ಗಾಳಿ ತೆಗೆದು ಪ್ಯಾಕ್ ಮಾಡಿಕೊಟ್ಟರು.

ಶನಿವಾರ, ಭಾನುವಾರದ ಬಗ್ಗೆ ಹೇಳುವಂಥದ್ದೇನಿಲ್ಲ.

ಸೋಮವಾರ ಬೆಳಗ್ಗೆ ಒಂಬತ್ತೂವರೆಗೆ 'ಒಂಬತ್ತು ಬೀದಿ'ಗಳಿಗೆ ಹೋದೆವು. ಸಿಂಗೆಲ್‌ನಿಂದ ಪ್ರಿನ್ಸೆನ್‌ಗ್ರಾಖ್ಟ್‌ವರೆಗೆ ಕಾಲುವೆಗಳನ್ನು ಜೋಡಿಸುವ ಒಂಬತ್ತು ಪುಟ್ಟ ಬೀದಿಗಳು. ಹಿಂದೆ ಚರ್ಮ ಹದ ಮಾಡುವವರ ಜಾಗ, ಅದಕ್ಕೇ ಕರಡಿ ಬೀದಿ, ತೋಳದ ಬೀದಿ, ತೊಗಲಿನ ಬೀದಿ ಅಂತ ಹೆಸರು. ಒಂದಾದರೂ ಅಂಗಡಿ ತೆರೆದಿರಲಿಲ್ಲ! ಈ ದೇಶದಲ್ಲಿ ಸೋಮವಾರ ಬಹಳ ಅಂಗಡಿಗಳು ಹನ್ನೊಂದಕ್ಕೋ ಮಧ್ಯಾಹ್ನಕ್ಕೋ ತೆರೆಯುತ್ತವೆ. ನಮಗೆ ಯಾರೂ ಹೇಳಿರಲಿಲ್ಲ. ಮಧ್ಯಾಹ್ನ ಮತ್ತೆ ಹೋಗಿ ನೋಡಿದೆವು, ಚೆನ್ನಾಗಿವೆ. ಆದರೆ ಒಂದು ಸೋಪಿಗೆ 14 ಯೂರೋ. ನನ್ನಂಥವರಿಗೆ ಅಲ್ಲ, ಗದ್ದಲ ಬೇಡ ಅನ್ನುವವರಿಗೆ ಹಿಡಿಸಬಹುದು.

ಆದರೆ ಅದೇ ಸೋಮವಾರ ಬೆಳಗ್ಗೆ, ಅಲ್ಲಿಂದ ಹತ್ತು ಹದಿನೈದು ನಿಮಿಷ ನಡೆದರೆ ವೆಸ್ಟರ್‌ಸ್ಟ್ರಾಟ್‌ನಲ್ಲಿ ಬಟ್ಟೆ ಸಂತೆ ಇರುತ್ತದೆ. ವಾರಕ್ಕೆ ಅದೊಂದೇ ದಿನ, ಮಧ್ಯಾಹ್ನ ಒಂದರ ಹೊತ್ತಿಗೆ ಮುಗಿಯುತ್ತದೆ. ಮೀಟರ್ ಲೆಕ್ಕದಲ್ಲಿ ಹತ್ತಿ, ಲಿನನ್, ಉಣ್ಣೆ, ಥಾನುಗಟ್ಟಲೆ ಹರಡಿರುತ್ತಾರೆ. ನಾದಿನಿ ಲಿನನ್‌ನ ಅಂಚು ಬಿಡಿಸಿ, ಒಂದು ಎಳೆ ತೆಗೆದು, ಬೆರಳಲ್ಲಿ ಹೊಸೆದು ನೋಡಿದಳು. ಅದನ್ನು ನೋಡಿದ ಮಾರುವವಳು ಏನೂ ಹೇಳದೆ ಕೆಳಗಿನಿಂದ ಬೇರೆ ಥಾನು ತೆಗೆದಳು. ಮೂರು ಮೀಟರ್ 21 ಯೂರೋ. ಪಕ್ಕದ ನೂರ್ಡರ್‌ಮಾರ್ಕ್ಟ್‌ನಲ್ಲಿ ಹಳೆ ಸಾಮಾನಿನ ಸಂತೆಯೂ ಆಗಲೇ ಇರುತ್ತದೆ.

ಕೋಣೆ ವಿಷಯ. ನಡು ಊರಿನಲ್ಲೇ ಇರೋಣ ಅಂತ ಕಾಲುವೆ ಪಕ್ಕದ ಹಳೆ ಮನೆಯಲ್ಲಿ ಕೋಣೆ ಹಿಡಿದೆವು, ರಾತ್ರಿಗೆ 170 ಯೂರೋ. ಲಿಫ್ಟ್ ಇಲ್ಲ ಅಂತ ಎಲ್ಲೂ ಬರೆದಿರಲಿಲ್ಲ. ಮೆಟ್ಟಿಲು ಅಂದರೆ ಅಟ್ಟದ ಏಣಿಯ ಹಾಗೆ, ಅರ್ಧ ಪಾದಕ್ಕಷ್ಟೇ ಜಾಗ. ಮೂರನೇ ಮಹಡಿಗೆ ನನ್ನ ಮಂಡಿನೋವಿನಲ್ಲಿ 23 ಕಿಲೋ ಸೂಟ್‌ಕೇಸ್ ಎಳೆದೆವು, ಯಾರೂ ಕೈ ಹಾಕಲಿಲ್ಲ. ಆ ಊರಿನ ಹಳೆ ಮನೆಗಳ ನೆತ್ತಿಯಲ್ಲಿ ಒಂದು ಕೊಕ್ಕೆ ಇರುತ್ತದೆ. ಮೆಟ್ಟಿಲಲ್ಲಿ ಹೋಗದ ಸಾಮಾನನ್ನು ಹಗ್ಗ ಕಟ್ಟಿ ಕಿಟಕಿಯಿಂದ ಎತ್ತಿಕೊಳ್ಳಲು ಅದು. ಅಂಥ ಕೊಕ್ಕೆ ಕಂಡ ಕಟ್ಟಡದಲ್ಲಿ ಕೋಣೆ ಹಿಡಿಯುವ ಮೊದಲು ಲಿಫ್ಟ್ ಇದೆಯಾ ಅಂತ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಕೋಣೆ ಬಾಡಿಗೆಯ ಮೇಲೆ ಪ್ರವಾಸಿ ತೆರಿಗೆ ಶೇ 12.5 ಅಂತ ಸುಮಾರು ನೂರು ಯೂರೋ ಕೌಂಟರ್‌ನಲ್ಲಿ ಕೇಳಿದರು. ತೆರಿಗೆ ನಿಜವೇ, 2024ರಿಂದ ಇದೆ. ಆದರೆ ಬುಕ್ ಮಾಡುವಾಗ ಕಂಡ ಮೊತ್ತದಲ್ಲಿ ಅದು ಸೇರಿರಲಿಲ್ಲ. ನಿಮ್ಮ ಬಜೆಟ್‌ನಲ್ಲಿ ಸೇರಿಸಿಕೊಳ್ಳಿ.

ಬಹಳ ಅಂಗಡಿಗಳಲ್ಲಿ 'ಅಲೇನ್ ಪಿನ್ನನ್' ಅಂತ ಬರೆದಿರುತ್ತದೆ. ಕಾರ್ಡ್ ಮಾತ್ರ ಅಂತ ಅರ್ಥ, ನೋಟು ಕೊಟ್ಟರೆ ತಗೊಳ್ಳುವುದಿಲ್ಲ. ಟ್ರಾಮ್‌ನಲ್ಲೂ ನಗದು ನಡೆಯುವುದಿಲ್ಲ. ಕಾರ್ಡ್ ತೋರಿಸಿ ಹತ್ತಿ, ಇಳಿಯುವಾಗ ಮರೆಯದೆ ಮತ್ತೆ ತೋರಿಸಿ. ಮರೆತರೆ ಜಾಸ್ತಿ ಹಣ ಹೋಗುತ್ತದೆ.

ಒಂದೇ ಬಿಲ್ 50 ಯೂರೋ ದಾಟಿದರೆ ತೆರಿಗೆ ವಾಪಸ್ ಸಿಗುತ್ತದೆ. ಆದ್ದರಿಂದ ಚೂರುಪಾರು ಸಾಮಾನನ್ನು ಒಂದೇ ಅಂಗಡಿಯಲ್ಲಿ ಒಟ್ಟಿಗೆ ಕೊಳ್ಳಿ. ಪಾಸ್‌ಪೋರ್ಟ್ ತೋರಿಸಿ ಟ್ಯಾಕ್ಸ್ ಫ್ರೀ ಫಾರಂ ಕೇಳಿ ಪಡೆಯಿರಿ. ಯೂರೋಪಿಯನ್ ಒಕ್ಕೂಟದಿಂದ ಹೊರಗೆ ಹೋಗುವ ಕೊನೆಯ ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸ್ ಮುದ್ರೆ ಹಾಕಿಸಬೇಕು. ಸಾಮಾನು ತೋರಿಸಿ ಅನ್ನಬಹುದು, ಹಾಗಾಗಿ ಸೂಟ್‌ಕೇಸ್ ಕೊಡುವ ಮೊದಲೇ ಹೋಗಿ. ನಾವು ದುಬೈ ಮೂಲಕ ಬಂದಿದ್ದರಿಂದ ಆಮ್‌ಸ್ಟರ್‌ಡ್ಯಾಮ್‌ನ ಸ್ಕಿಪೋಲ್ ನಿಲ್ದಾಣದಲ್ಲೇ ಹಾಕಿಸಿದೆವು. ಸಾಲು ಉದ್ದ ಇತ್ತು, ಐವತ್ತು ನಿಮಿಷ ನಿಂತೆವು. ಹಸಿವಾಗಲಿಲ್ಲ. ಬೆಳಗ್ಗೆ ಅಜ್ಜಿ ಹೋಟೆಲಿಗೆ ಹೋಗಿ ಆರು ಬಾರಾ ಕಟ್ಟಿಸಿಕೊಂಡಿದ್ದೆವು. ಚಟ್ನಿ ಸೆಕ್ಯೂರಿಟಿ ದಾಟುವುದಿಲ್ಲ ಅಂತ ಸಾಲಿನಲ್ಲೇ ನಿಂತು ಆರನ್ನೂ ಮುಗಿಸಿದೆವು.