ಸೇತುವೆ ಎದ್ದಾಗಲೆಲ್ಲ ನಾವು ಕಾಫಿ ಕುಡಿದೆವು

ನಮ್ಮ ಮನೆ ಇರುವ ಐಂಡ್‌ಹೋವನ್‌ನಿಂದ ಹೊರಡುವಾಗ ಭಾವನ ಪಟ್ಟಿಯಲ್ಲಿ ಐದು ದಿನಕ್ಕೆ ಹದಿನಾಲ್ಕು ಊರುಗಳಿದ್ದವು. ನಾವು ನೋಡಿದ್ದು ಐದೇ. ನೆದರ್‌ಲ್ಯಾಂಡ್ಸ್‌ನಲ್ಲಿ ಟೆಂಟ್ ಹಾಕಿಕೊಂಡು ಸುತ್ತುವ ಆಸೆ ಇದ್ದರೆ ಮೊದಲು ಊರುಗಳನ್ನು ಕಡಿಮೆ ಮಾಡಿ. ಇಲ್ಲಿ ದೋಣಿ ಬಂದರೆ ಕಾರು ನಿಲ್ಲಬೇಕು.

ಉತ್ತರದ ಫ್ರೀಸ್‌ಲ್ಯಾಂಡ್ ಪ್ರಾಂತ್ಯದಲ್ಲಿ ಇದು ಚೆನ್ನಾಗಿ ಅರ್ಥವಾಯಿತು. ಸ್ನೇಕ್ ಎಂಬ ಊರು ದಾಟಿ ಹೋಗುತ್ತಿದ್ದೆವು. ಗಂಟೆ ಬಾರಿಸಿತು, ಕೆಂಪು ದೀಪ ಬಂತು, ಗೇಟು ಬಿತ್ತು. ಎದುರಿಗಿದ್ದ ರಸ್ತೆಯೇ ಮೇಲಕ್ಕೆದ್ದು ನಿಂತಿತು! ಹಾಯಿದೋಣಿಗಳು ಒಂದೊಂದಾಗಿ ದಾಟಿದವು. ಸೇತುವೆಯವರು ಗಾಳದ ಕೋಲಿಗೆ ಮರದ ಬೂಟು ಕಟ್ಟಿ ದೋಣಿಯತ್ತ ಇಳಿಬಿಟ್ಟರು. "ಚಿಕ್ಕಮ್ಮಾ, ಮೀನು ಹಿಡೀತಿದ್ದಾರೆ!" ಅಂತ ಅಕ್ಕನ ಮಗಳು ಕುಣಿದಳು. ದೋಣಿಯವರು ಬೂಟಿನೊಳಗೆ ನಾಣ್ಯ ಹಾಕಿದರು. ಅದು ಸೇತುವೆ ಸುಂಕ. ಕೆಲವು ಕಡೆ ಈ ಹಳೇ ಪದ್ಧತಿ ಇನ್ನೂ ಇದೆ. ಅವತ್ತು ನಾಲ್ಕು ಸಲ ಹೀಗೆ ನಿಂತೆವು. ಎಂಜಿನ್ ಆಫ್ ಮಾಡಿ, ಫ್ಲಾಸ್ಕ್ ತೆಗೆಯಿರಿ. ಫಿಲ್ಟರ್ ಕಾಫಿ ಜಾಸ್ತಿಯೇ ಇರಲಿ.

ಕಂಡ ಕಂಡಲ್ಲಿ ಟೆಂಟ್ ಹಾಕುವ ಹಾಗಿಲ್ಲ, ದಂಡ ಬೀಳುತ್ತದೆ. ರೈತರು ತಮ್ಮ ಹೊಲದಲ್ಲೇ ನಡೆಸುವ ಸಣ್ಣ ಕ್ಯಾಂಪಿಂಗ್ ಜಾಗಗಳು ನನಗೆ ತುಂಬಾ ಇಷ್ಟವಾದವು. ಶಾಲೆಗೆ ರಜೆ ಇದ್ದರೆ ಮೊದಲೇ ಬುಕ್ ಮಾಡಿ. ಕೆಲವು ಕಡೆ ಬಿಸಿನೀರಿಗೆ ಬೇರೆ ನಾಣ್ಯ ಹಾಕಬೇಕು, ಮೈಗೆ ಸೋಪು ಹಚ್ಚುವ ಮುಂಚೆಯೇ ಕೇಳಿಕೊಳ್ಳಿ. ಗಾಳಿ ಜೋರು, ಹಾಗಾಗಿ ಉದ್ದದ ಗೂಟಗಳು ಬೇಕು. ಸ್ಟೌವ್‌ಗೂ ಗಾಳಿ ತಡೆಯುವ ತಗಡು ಇರಲಿ. ಜೂನ್‌ನಲ್ಲಿ ರಾತ್ರಿ ಹತ್ತಾದರೂ ಬೆಳಕಿರುತ್ತದೆ, ಮಕ್ಕಳು ಮಲಗುವುದೇ ಇಲ್ಲ. ಇನ್ನು ಬಾತುಕೋಳಿಗಳು! ಟೆಂಟಿನ ಜಿಪ್ ತೆರೆದಿಟ್ಟಿದ್ದೆವು. ಒಂದು ಒಳಗೆ ತಲೆ ಹಾಕಿ ಚಪಾತಿ ಕಚ್ಚಿಕೊಂಡು ಓಡಿತು, ಹಿಂದೆಯೇ ಉಳಿದ ಐದು.

ಗೀಟ್‌ಹೋರ್ನ್ ಎಂಬ ಹಳ್ಳಿಯ ಹಳೇ ಭಾಗದಲ್ಲಿ ರಸ್ತೆಯೇ ಇಲ್ಲ. ಮನೆಮನೆಗೂ ಕಾಲುವೆ, ಮರದ ಸೇತುವೆ. ಬಸ್ಸುಗಳು ಬರುವ ಮುಂಚೆ, ಬೆಳಗ್ಗೆಯೇ ಹೋಗಿ. ಬ್ಯಾಟರಿ ದೋಣಿ ಬಾಡಿಗೆಗೆ ಸಿಗುತ್ತದೆ, ಲೈಸೆನ್ಸ್ ಬೇಡ, ಸದ್ದೂ ಇಲ್ಲ. ಒಂದು ವಿಷಯ ಮಾತ್ರ ನೆನಪಿಡಿ. ಹಿಂದಿನ ಹಿಡಿಯನ್ನು ಎಡಕ್ಕೆ ತಳ್ಳಿದರೆ ದೋಣಿ ಬಲಕ್ಕೆ ತಿರುಗುತ್ತದೆ. ಭಾವ ಕಾರು ಓಡಿಸಿದ ಹಾಗೆ ತಿರುಗಿಸಿದರು. ದೋಣಿ ಕಾಲುವೆಗೆ ಅಡ್ಡ ನಿಂತಿತು. ಹಿಂದೆ ಬಂದ ದೋಣಿಯಲ್ಲಿದ್ದ ಅಜ್ಜಿ ನಗುತ್ತಾ ಕೈಯಿಂದಲೇ ನಮ್ಮನ್ನು ನೂಕಿ ನೇರ ಮಾಡಿದರು. ನೀರು ಸುಮಾರು ಒಂದು ಮೀಟರ್ ಆಳ ಅಷ್ಟೇ, ಆದರೂ ಮಕ್ಕಳಿಗೆ ಲೈಫ್ ಜಾಕೆಟ್ ಹಾಕಿಸಿ.

ಕಿಂಡರ್‌ಡೈಕ್‌ನ 19 ಗಾಳಿಯಂತ್ರಗಳನ್ನೂ ನೋಡಬಹುದು. ಹೆಚ್ಚಿನವು 1740ರ ಸುಮಾರಿಗೆ ಕಟ್ಟಿದವು, ತಗ್ಗು ನೆಲದ ನೀರನ್ನು ಎತ್ತಿ ಹೊರಹಾಕುವುದಕ್ಕೆ. ಎರಡು ಗಂಟೆ ಸಾಕು.

ಹೆದ್ದಾರಿಯಲ್ಲಿ ಹೆಚ್ಚಿನ ಕಡೆ ಬೆಳಗ್ಗೆ 6ರಿಂದ ಸಂಜೆ 7ರವರೆಗೆ 100 ಕಿ.ಮೀ. ವೇಗ ಮೀರಬೇಡಿ.

ಕೊನೆಗೆ ಆಫ್‌ಸ್ಲೌಟ್‌ಡೈಕ್. 1932ರಲ್ಲಿ ಸಮುದ್ರಕ್ಕೆ ಅಡ್ಡಲಾಗಿ ಕಟ್ಟಿ ಮುಗಿಸಿದ 32 ಕಿ.ಮೀ. ಒಡ್ಡು. ಕಾರಿನಲ್ಲಿ ಸುಮ್ನೆ ದಾಟಿಬಿಟ್ಟರೆ ಒಡ್ಡಿನಿಂದಾದ ಕೆರೆ ಮಾತ್ರ ಕಾಣುತ್ತದೆ, ಸಮುದ್ರ ಒಡ್ಡಿನ ಹಿಂದೆ ಮರೆಯಾಗಿರುತ್ತದೆ. ಸ್ಮಾರಕ ಗೋಪುರದ ಹತ್ತಿರ ನಿಲ್ಲಿಸಿ ಮೇಲೆ ಹತ್ತಿ. ಒಂದು ಕಡೆ ಉಪ್ಪುನೀರು, ಇನ್ನೊಂದು ಕಡೆ ಸಿಹಿನೀರು. ಟೋಪಿ ಗಟ್ಟಿಯಾಗಿ ಹಿಡಿದುಕೊಳ್ಳಿ. ಭಾವನದು ಸಿಹಿನೀರಿನ ಕಡೆಗೆ ಹಾರಿತು.