ಲೋಕ ಚೆಂದವಿದ್ದರೆ ಸಾಲದೇ?

ಚಿತ್ರದುರ್ಗದಲ್ಲಿ ನಾವು ಕೆಲವರು ಸೇರಿ ಓದಿದ ಪುಸ್ತಕಗಳ ಬಗ್ಗೆ ಮಾತನಾಡುವುದುಂಟು. ಆಗೆಲ್ಲ ನನಗೆ ಎದುರಾಗುವ ಪ್ರಶ್ನೆ: "ಮೇಡಂ, ಕಲ್ಪನೆ ಇಷ್ಟು ಸೊಗಸಾಗಿರುವಾಗ ಪಾತ್ರಗಳೆಲ್ಲ ಒಂದೇ ಥರ ಇವೆ ಎಂದು ಏಕೆ ತಕರಾರು ತೆಗೆಯುತ್ತೀರಿ?" ಇದು ಹೆಚ್ಚಾಗಿ ಏಳುವುದು ಅಮೆರಿಕದ ಲೇಖಕ ಸಿಕೋಯಾ ನಾಗಮತ್ಸು ಅವರ 2022ರ 'ಹೌ ಹೈ ವಿ ಗೋ ಇನ್ ದ ಡಾರ್ಕ್' ಪುಸ್ತಕದ ಬಗ್ಗೆ.

ಸೈಬೀರಿಯಾದ ಹೆಪ್ಪುಗಟ್ಟಿದ ನೆಲ ಕರಗಿ, ಸಾವಿರಾರು ವರ್ಷಗಳಿಂದ ಹುದುಗಿದ್ದ ಸೋಂಕು ಹೊರಬಂದು ಜಗತ್ತಿಗೆಲ್ಲ ಹಬ್ಬುತ್ತದೆ. ಆ ಎಳೆಗೆ ಪೋಣಿಸಿದ ಕಥೆಗಳಿವು. ಸಾಯಲಿರುವ ಮಕ್ಕಳಿಗಾಗಿಯೇ ಒಂದು ಮನರಂಜನಾ ಉದ್ಯಾನ. ಅಲ್ಲಿನ ರೋಲರ್ ಕೋಸ್ಟರ್ ಮಗುವನ್ನು ಕೇಕೆ ಹಾಕಿಸುತ್ತಲೇ ಪ್ರಾಣ ತೆಗೆಯುತ್ತದೆ. ಅಂಗಾಂಗಕ್ಕಾಗಿ ಸಾಕಿದ ಹಂದಿ ಮಾತು ಕಲಿಯುತ್ತದೆ. ತೀರಿಕೊಂಡ ಹೆಂಡತಿಯ ದನಿ ಉಳಿದಿರುವ ಯಂತ್ರನಾಯಿ ಕೆಡುತ್ತಾ ಬಂದಿದೆ, ರಿಪೇರಿ ಬಲ್ಲ ಗಂಡನಿಗೆ ಬಿಡಿಭಾಗಗಳೇ ಸಿಗುತ್ತಿಲ್ಲ. ಹಂದಿಯ ಕಥೆ ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಕಲ್ಪನೆಯ ಬಗ್ಗೆ ಎರಡು ಮಾತಿಲ್ಲ.

ಆದರೆ ಕಥೆ ಹೇಳುವವರನ್ನು ಅಕ್ಕಪಕ್ಕ ನಿಲ್ಲಿಸಿ ನೋಡಿ. ಉದ್ಯಾನದಲ್ಲಿ ದುಡಿಯುವವನು ಹೆತ್ತವರ ನಿರೀಕ್ಷೆ ಮುಟ್ಟಲಾರದ ಮಗ. ತೀರಿಕೊಂಡವರಿಗೆ ಮನೆಯವರು ವಿದಾಯ ಹೇಳುವ ಶವಗಳ ಹೋಟೆಲಿನಲ್ಲಿ ಕೆಲಸಕ್ಕಿರುವವನೂ ಮನೆಯವರಿಂದ ದೂರವಾದ ಮಗನೇ. ಹಂದಿಯೆದುರು ಕೂತ ವಿಜ್ಞಾನಿ ಮಗನನ್ನು ಕಳೆದುಕೊಂಡ ತಂದೆ, ಸೈಬೀರಿಯಾಕ್ಕೆ ಹೋದವನು ಮಗಳನ್ನು ಕಳೆದುಕೊಂಡ ತಂದೆ. ಸಾಂಕ್ರಾಮಿಕದ ಕಥೆಯಲ್ಲಿ ದುಃಖ ಎಲ್ಲರಿಗೂ ಇರಲಿ, ಅದು ಸಹಜ. ದುಃಖಿಸುವ ರೀತಿಯೂ ಒಂದೇ ಆಗಬೇಕೇ? ಎಲ್ಲರದೂ ಅದೇ ಮೆಲುದನಿ, ಹೇಳಬೇಕಾದ್ದನ್ನು ಹೇಳದೆ ಉಳಿದೆನಲ್ಲ ಎಂಬ ಅದೇ ಕೊರಗು. ಹೆಸರು ಮುಚ್ಚಿ ಒಂದು ಪುಟ ಕೈಗಿತ್ತರೆ ಇದು ಯಾರ ಮಾತೆಂದು ಹೇಳಲು ನಾನು ತಡವರಿಸುತ್ತೇನೆ. ನಾಲ್ಕೈದು ಸಾವು ದಾಟುವಷ್ಟರಲ್ಲಿ, ಕಣ್ಣು ತುಂಬಬೇಕಾದ ಕಡೆ ಮನಸ್ಸು ಮರಗಟ್ಟಿರುತ್ತದೆ. ಇದರಿಂದ ಕಲ್ಪನೆಗೂ ಪೆಟ್ಟು: ಲೇಖಕರು ಕರೆದೊಯ್ಯುವ ಜಾಗ ಹೊಸದು, ಅಲ್ಲಿ ಕಾಣುವುದು ಮಾತ್ರ ಹಿಂದಿನ ಕಥೆಯಲ್ಲಿ ಕಂಡದ್ದೇ.

"ಬತ್ತೀಸ ಪುತ್ಥಳಿಯ 32 ಗೊಂಬೆಗಳೂ ವಿಕ್ರಮನನ್ನೇ ಹೊಗಳುತ್ತವಲ್ಲ?" ಎಂದು ಒಬ್ಬರು ಕೇಳಿದ್ದರು. ತೂಕದ ಪ್ರಶ್ನೆ. ವಿಕ್ರಮನ ಸಿಂಹಾಸನ ಏರಬಂದ ಭೋಜರಾಜನನ್ನು ಗೊಂಬೆಗಳು ಮತ್ತೆ ಮತ್ತೆ ತಡೆಯುತ್ತವೆ. ಹೇಳಿದ್ದನ್ನೇ ಹೇಳುವುದು ಅಲ್ಲಿ ಅವನಿಗೊಡ್ಡಿದ ಪರೀಕ್ಷೆ. ಗೊಂಬೆಗೊಂದು ಸ್ವಂತ ಬದುಕಿದೆ ಎಂದು ಆ ಕಥೆ ನಮ್ಮನ್ನು ನಂಬಿಸಲು ಹೋಗುವುದಿಲ್ಲ. ನಾಗಮತ್ಸು ಹೊರಟಿರುವುದು ಅದನ್ನೇ ನಂಬಿಸಲು.

ನಮ್ಮ ಜಿಲ್ಲೆಯದೇ ಮಾತು ನೋಡಿ. 1933ರ ನಂತರ ವೇದಾವತಿ ನದಿಯ ವಾಣಿವಿಲಾಸ ಸಾಗರ ಜಲಾಶಯ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಜನ ಸಾಲುಗಟ್ಟಿ ನೋಡಲು ಹೋದರು. ಹಿರಿಯೂರಿನ ತೋಟದವರಿಗೆ ಆ ನೀರು ಒಣಗಿದ ತೆಂಗು, ಅಡಿಕೆಯ ಆಸೆ. ಹಿನ್ನೀರಿನ ಹೊಸದುರ್ಗದ ಕಡೆಯ ರೈತರಿಗೆ ಅದು ಮುಳುಗಿದ ಹೊಲ. ಇಬ್ಬರನ್ನೂ ಒಂದೇ ದನಿಯಲ್ಲಿ ಮಾತನಾಡಿಸುವ ಕಥೆಗಾರ ವೇದಾವತಿಯನ್ನು ಎಷ್ಟೇ ಚೆಂದ ಬಣ್ಣಿಸಿದರೂ ನನಗೆ ಒಪ್ಪಿಗೆಯಾಗುವುದಿಲ್ಲ.

ಹಾಗಾದರೆ ಪುಸ್ತಕ ಓದಬೇಕೇ? ಖಂಡಿತ ಓದಿ, ಒಂದೇ ಬೀಸಿಗೆ ಮಾತ್ರ ಬೇಡ. ಹಂದಿಯ ಕಥೆಯಿಂದ ಶುರು ಮಾಡಿ, ವಾರ ಬಿಟ್ಟು ಯಂತ್ರನಾಯಿಯ ಕಥೆಗೆ ಬನ್ನಿ. ನಡುವೆ ಬೇರೆ ಯಾರದಾದರೂ ಪುಸ್ತಕ ಓದಿಕೊಳ್ಳಿ.