ಹಿತ್ತಾಳೆ ಉಳಿ ಮತ್ತು ಮರದ ಕಡ್ಡಿ: ಫೌಲ್ಡ್ ಬಾಂಬು ಉಗ್ರಾಣ

ಎರಡನೇ ಮಹಾಯುದ್ಧದ ಬ್ರಿಟಿಷ್ ಬಾಂಬನ್ನು ಉಗ್ರಾಣದಲ್ಲಿ ಪೂರ್ತಿ ಜೋಡಿಸಿ ಇಡುತ್ತಿರಲಿಲ್ಲ. ಉಕ್ಕಿನ ಒಡಲು ಒಂದು ಕಡೆ, ತಗಡಿನ ಬಾಲ ಇನ್ನೊಂದು ಕಡೆ. ಸಿಡಿತಕ್ಕೆ ಚಾಲನೆ ಕೊಡುವ ಪಿಸ್ಟಲ್ ಎಂಬ ಸಾಧನ ಮತ್ತು ಮೊದಲು ಸಿಡಿಯುವ ಪುಟ್ಟ ಸ್ಫೋಟಕವಾದ ಡಿಟೋನೇಟರ್ ಬೇರೆಯೇ ಪೆಟ್ಟಿಗೆಗಳಲ್ಲಿ. ಇವೆಲ್ಲ ಒಂದಾಗುತ್ತಿದ್ದುದು ವಿಮಾನ ನೆಲೆಯಲ್ಲಿ, ಹಾರಾಟಕ್ಕೆ ಸ್ವಲ್ಪ ಮೊದಲು. ಕಾರಣ ಸರಳ. ಒಡಲೊಳಗಿನ ಮುಖ್ಯ ಮದ್ದು ಮಂದ, ಸಾಮಾನ್ಯ ಏಟಿಗೆ ಜಗ್ಗುವುದಿಲ್ಲ. ಡಿಟೋನೇಟರ್ ಚುರುಕು, ಆದರೆ ಚಿಕ್ಕದು. ಇವೆರಡರ ನಡುವೆ ಎಕ್ಸ್‌ಪ್ಲೋಡರ್ ಎಂಬ ಟೆಟ್ರಿಲ್ ಸ್ಫೋಟಕದ ತುಂಡು ಕೂರುತ್ತದೆ. ಅದು ಮುಖ್ಯ ಮದ್ದಿಗಿಂತ ಸೂಕ್ಷ್ಮ, ಅದನ್ನು ಸಿಡಿಸುವಷ್ಟು ಬಲಶಾಲಿ. ಉಗ್ರಾಣದಲ್ಲಿ ಭಯಪಡಬೇಕಾದದ್ದು ಈ ನಡುವಿನದಕ್ಕೆ.

ರಾಯಲ್ ಏರ್‌ಫೋರ್ಸ್‌ನ 21ನೇ ಮೇಂಟೆನೆನ್ಸ್ ಯೂನಿಟ್ ಇದ್ದದ್ದು ಇಂಗ್ಲೆಂಡಿನ ಸ್ಟ್ಯಾಫರ್ಡ್‌ಶೈರ್‌ನ ಫೌಲ್ಡ್‌ನಲ್ಲಿ, ಜಿಪ್ಸಂ ಗಣಿಯೊಳಗೆ. ರೈಲಿನಲ್ಲಿ ಬಂದ ಬಾಂಬುಗಳನ್ನು ಇಳಿಸಿಕೊಳ್ಳುವುದು, ಪೇರಿಸುವುದು, ತಪಾಸಣೆ ಮಾಡುವುದು, ಬೇಡಿಕೆ ಬಂದಂತೆ ಕಳಿಸುವುದು ಅದರ ಕೆಲಸ. ಒಂದು ಲ್ಯಾಂಕಾಸ್ಟರ್ ಬಾಂಬರ್ ವಿಮಾನ ಮಾಮೂಲಾಗಿ 14,000 ಪೌಂಡ್‌ವರೆಗೆ ಹೊರುತ್ತಿತ್ತು. 100 ವಿಮಾನ ಅಷ್ಟು ಹೊತ್ತು ಹೊರಟರೆ ಒಂದೇ ರಾತ್ರಿಗೆ 600 ಟನ್‌ಗೂ ಮೇಲೆ. ಇಂಥ ಯೂನಿಟ್ ಒಂದು ವಾರ ತಡವರಿಸಿದರೆ ಬಾಂಬರ್ ಪಡೆಗೆ ಕೈ ಕಟ್ಟಿದಂತೆಯೇ.

ಇನ್ನೊಂದು ಕೆಲಸವೂ ಇತ್ತು: ಏಟು ತಿಂದು ವಾಪಸಾದ ಬಾಂಬುಗಳ ರಿಪೇರಿ. ಅದನ್ನೂ ಗಣಿಯ ಒಳಗೇ ಮಾಡುತ್ತಿದ್ದರು. 1944ರ ನವೆಂಬರ್ 27ರಂದು ಬೆಳಿಗ್ಗೆ 11 ಗಂಟೆ ದಾಟಿದ ಸ್ವಲ್ಪ ಹೊತ್ತಿಗೆ ಗಣಿ ಸಿಡಿಯಿತು. 3,500ರಿಂದ 4,000 ಟನ್ ಮದ್ದುಗುಂಡು ಹೋಯಿತೆಂದು ಅಂದಾಜು. ಸತ್ತವರು ಸುಮಾರು 70 ಮಂದಿ. ಮೇಲಿದ್ದ ಅಪ್ಪರ್ ಕ್ಯಾಸಲ್ ಹೇಯ್ಸ್ ಎಂಬ ತೋಟದ ಮನೆ ಇದ್ದ ಜಾಗದಲ್ಲಿ 30 ಮೀಟರ್ ಆಳದ ಕುಳಿ ಬಿತ್ತು. ಹತ್ತಿರದ ಜಲಾಶಯ ಒಡೆದು, ಕೆಸರು ನೀರು ಕೆಳಗಿದ್ದ ಪ್ಲಾಸ್ಟರ್ ಕಾರ್ಖಾನೆಯನ್ನು ಕೊಚ್ಚಿಕೊಂಡು ಹೋಯಿತು.

ವಿಚಾರಣೆಯಲ್ಲಿ ಹೊರಬಂದ ಅತಿ ಸಂಭವನೀಯ ಕಾರಣ: ಬಾಂಬಿನೊಳಗೆ ಗಟ್ಟಿಯಾಗಿ ಕೂತಿದ್ದ ಎಕ್ಸ್‌ಪ್ಲೋಡರನ್ನು ಯಾರೋ ಹಿತ್ತಾಳೆ ಉಳಿಯಿಂದ ಕೆತ್ತಿ ತೆಗೆಯುತ್ತಿದ್ದರು. ಬಳಸಬೇಕಾದದ್ದು ಮರದ ಕಡ್ಡಿ. ಹಿತ್ತಾಳೆಯಿಂದ ಕಿಡಿ ಹಾರುವುದಿಲ್ಲವಲ್ಲ ಎಂದು ಅದನ್ನು ಎಲ್ಲ ಕಡೆಯೂ ಸುರಕ್ಷಿತ ಅಂದುಕೊಳ್ಳುವವರಿದ್ದಾರೆ. ಅದು ತಪ್ಪು. ಟೆಟ್ರಿಲ್‌ಗೆ ಕಿಡಿಯೇ ಬೇಕಿಲ್ಲ, ಪೆಟ್ಟು ಮತ್ತು ಉಜ್ಜಾಟ ಸಾಕು. ಮರವಾದರೆ ತಾನೇ ಜಜ್ಜಿಹೋಗಿ ಪೆಟ್ಟನ್ನು ನುಂಗುತ್ತದೆ. ಹಿತ್ತಾಳೆ ಅದನ್ನು ಪೂರ್ತಿ ದಾಟಿಸುತ್ತದೆ.

ಆದರೂ ನನ್ನ ಮಟ್ಟಿಗೆ ಉಳಿಗಿಂತ ದೊಡ್ಡ ತಪ್ಪು ರಿಪೇರಿಯ ಮೇಜು ಇದ್ದ ಜಾಗದ್ದು. ಇದೇ ವಾಯುಪಡೆಯ ಇನ್ನೊಂದು ಉಗ್ರಾಣವನ್ನು ನೋಡಿ: ವೇಲ್ಸ್‌ನ ಲಾನ್‌ಬೆರಿಸ್. 1942ರ ಜನವರಿ 25ರಂದು ಅಲ್ಲಿನ ಕಾಂಕ್ರೀಟ್ ಕಮಾನುಗಳು ಕುಸಿದು ಸುಮಾರು 14,000 ಟನ್ ಬಾಂಬು ಕಲ್ಲುಮಣ್ಣಿನಡಿ ಹೂತುಹೋದವು. ಸ್ಫೋಟವಾಗಲಿಲ್ಲ, ಬಹುಪಾಲನ್ನು ಅಗೆದು ಹೊರತೆಗೆದರು. ಅಲ್ಲಿ ಸೂರೇ ಬಿದ್ದರೂ ತಾಳಿಕೊಂಡವು, ಇಲ್ಲಿ ಕೈಯಲ್ಲಿ ಹಿಡಿಯುವ ಉಳಿಗೆ ಬೆಟ್ಟವೇ ಎದ್ದಿತು. ಫೌಲ್ಡ್‌ನ ಆ ಒಂದು ಬಾಂಬನ್ನು ಹೊರಗೆ, ಮಣ್ಣುದಿಬ್ಬದ ಹಿಂದೆ ಬಿಚ್ಚಿದ್ದರೆ ಸಾವು ಅಲ್ಲಿದ್ದ ಕೆಲವರಿಗೆ ಸೀಮಿತವಾಗುತ್ತಿತ್ತು.

ದೂರದ ಲೆಕ್ಕವೂ ಇದನ್ನೇ ಹೇಳುತ್ತದೆ. ಆಸ್ಫೋಟದ ಅಲೆಯಿಂದ ಇರಬೇಕಾದ ಅಂತರ ಸ್ಫೋಟಕದ ತೂಕದ ಘನಮೂಲಕ್ಕೆ ತಕ್ಕಂತೆ ಬೆಳೆಯುತ್ತದೆ. ತೂಕ 8 ಪಟ್ಟಾದರೆ ಅಂತರ 2 ಪಟ್ಟು, 1,000 ಪಟ್ಟಾದರೆ 10 ಪಟ್ಟು. ರಿಪೇರಿಗೆ ಒಂದೊಂದೇ ಬಾಂಬು ತಂದರೆ ರಿಪೇರಿ ಕೊಟ್ಟಿಗೆಯ ಸುತ್ತ ಬಿಡಬೇಕಾದ ಜಾಗ ಚಿಕ್ಕದೇ. ಈಗಿನ ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ, ಯಾವುದನ್ನು ಯಾವುದರ ಜೊತೆ ಇಡಬಹುದೆಂದು ತಿಳಿಸಲು, ಡಿಟೋನೇಟರಿಗೆ ಬಿ ಗುಂಪು, ಅದಿಲ್ಲದ ಬಾಂಬಿಗೆ ಡಿ ಗುಂಪು. ಸಾಮಾನ್ಯವಾಗಿ ಎರಡನ್ನೂ ಒಂದೇ ಕೋಣೆಯಲ್ಲಿ ಇಡುವಂತಿಲ್ಲ.

ಫೌಲ್ಡ್‌ನಲ್ಲಿ ಉಳಿದ ಭಾಗವನ್ನು ವಾಯುಪಡೆ 1966ರವರೆಗೂ ಬಳಸಿತು. ವಿಚಾರಣಾ ವರದಿ ಜನರ ಕೈಗೆ ಸಿಕ್ಕಿದ್ದು 1974ರಲ್ಲಿ. ಹ್ಯಾನ್‌ಬರಿ ಊರಿನ ಪಕ್ಕ ಕುಳಿ ಈಗಲೂ ಇದೆ. ಒಳಗೆ ಮರ ಬೆಳೆದಿದೆ, ಸುತ್ತ ಬೇಲಿ, ಬೇಲಿಯ ಮೇಲೆ ಸಿಡಿಯದ ಬಾಂಬುಗಳ ಎಚ್ಚರಿಕೆಯ ಫಲಕ.